ಮುಳ್ಳು ಹಾಕಿದ ಬಾಗಿಲು

"ಸಂಕ್ರಾಂತಿ ದಿನ ಈ ಮನೆಯಲ್ಲಿ ಉಂಡವರು ಎಷ್ಟು ಜನ? ಇವತ್ತು ಉಣ್ಣುವವರು ಎಷ್ಟು ಜನ?"

ಆ ಆಷಾಢದಲ್ಲಿ ಸೌಮ್ಯ ಊರೂರು ಸುತ್ತಿ ಕೇಳುತ್ತಿದ್ದದ್ದು ಮುಖ್ಯವಾಗಿ ಇಷ್ಟೇ. ಸಂಕ್ರಾಂತಿಗೂ ಆಷಾಢಕ್ಕೂ ನಡುವೆ ಕೊರೊನಾ ಎರಡನೆಯ ಸಲ ಬಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಗುಡಿಸಿಕೊಂಡು ಹೋಗಿತ್ತು. ಎಷ್ಟು ಜನ ಹೋದರು ಎಂದು ಕೇಳಿದರೆ ಆಸ್ಪತ್ರೆಯ ಲೆಕ್ಕ ಒಂದು ಹೇಳುತ್ತಿತ್ತು, ಊರಿನ ಬಾಯಿ ಇನ್ನೊಂದು ಹೇಳುತ್ತಿತ್ತು. ಆಸ್ಪತ್ರೆಯ ಲೆಕ್ಕಕ್ಕೆ ಪರೀಕ್ಷೆ ಮಾಡಿಸಿಕೊಂಡು ಸತ್ತವರು ಮಾತ್ರ ಬೇಕು. ಪರೀಕ್ಷೆಯ ಸರದಿಯಲ್ಲಿ ನಿಲ್ಲುವ ಮೊದಲೇ ಉಸಿರು ನಿಂತವರು ಅದರ ಪಾಲಿಗೆ ಸತ್ತೇ ಇಲ್ಲ. ಹಾಗಾದರೆ ಮನೆಮನೆಗೆ ಹೋಗಿ ಕೇಳಿಯೇ ಬಿಡೋಣ, ಎಂದಿನ ವರ್ಷಕ್ಕಿಂತ ಎಷ್ಟು ಹೆಚ್ಚು ಜನ ಹೋಗಿದ್ದಾರೆ ನೋಡೋಣ ಎಂದು ಬೆಂಗಳೂರಿನ ಒಂದು ಸಂಸ್ಥೆಯವರು ಹೊರಟಿದ್ದರು. ಕೇಳುವುದಕ್ಕೆ ಈ ಸೀಮೆಯ ಹುಡುಗ ಹುಡುಗಿಯರನ್ನೇ ಹಿಡಿದಿದ್ದರು.

ಸೌಮ್ಯ ತಿಪಟೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವಳು. ಪಾಠವೆಲ್ಲ ಮೊಬೈಲಿಗೆ ಹೋದಮೇಲೆ ಅತಿಥಿ ಉಪನ್ಯಾಸಕರನ್ನು ಕೇಳುವವರು ಯಾರು? ಕೆಲಸವಿಲ್ಲದೆ ಕೂತಿದ್ದಳು. ಈ ಕೆಲಸ ಸಿಕ್ಕಿದಾಗ ಅವಳಿಗಿಂತ ಹೆಚ್ಚು ಹಿಗ್ಗಿದವಳು ಅವಳ ಅಮ್ಮ ಪುಟ್ಟಗೌರಮ್ಮ.

"ಹಂಗಾದ್ರೆ ನಿಮ್ಮಪ್ಪನ್ನೂ ಬರಕತಾರಾ?" ಎಂದು ಮೊದಲ ದಿನವೇ ಕೇಳಿದಳು.

"ಹೆಸರು ಬರಿಯಲ್ಲ ಕಣಮ್ಮ. ಬರೀ ಲೆಕ್ಕ."

"ಹೆಸ್ರು ಬ್ಯಾಡ ಬುಡು. ಒಂದು ಅಂತ ಸೇರ್ಸಿದ್ರೆ ಸಾಕು."

ಆ ಒಂದಕ್ಕೆ ಕಾರಣವಿತ್ತು. ಸೌಮ್ಯಳ ಅಪ್ಪ ಶ್ರೀರಂಗಯ್ಯ ಮೇ ತಿಂಗಳಲ್ಲಿ ಜ್ವರ ಹತ್ತಿ ಮಲಗಿದವರು ಮನೆಯಲ್ಲೇ ತೀರಿಕೊಂಡಿದ್ದರು. ಆಗ ಪರೀಕ್ಷೆ ಮಾಡುವ ಸಾಮಾನು ಮುಗಿದಿತ್ತು, ಆಸ್ಪತ್ರೆಗಳಲ್ಲಿ ಮಂಚ ಇರಲಿಲ್ಲ. ಎಲ್ಲ ಮುಗಿದಮೇಲೆ ಬಂದು ನೋಡಿದ ಡಾಕ್ಟರೊಬ್ಬರು ಬಾಗಿಲಾಚೆಯೇ ನಿಂತು ಚೀಟಿಯಲ್ಲಿ 'ಹೃದಯಾಘಾತ' ಎಂದು ಗೀಚಿ ಕೈ ತೊಳೆದುಕೊಂಡರು. ಆ ಒಂದು ಮಾತು ಬಂದು ಪುಟ್ಟಗೌರಮ್ಮನ ಕೊರಳಿಗೆ ಬಿತ್ತು. ಅವಳ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತಿರುವ ವಿಚಾರ. ಸಾಯುವುದಕ್ಕೆ ಎರಡು ದಿನ ಮುಂಚೆ ಗಂಡ ಹೆಂಡತಿ ಜೋರಾಗಿ ಜಗಳ ಆಡಿದ್ದನ್ನು ಪಕ್ಕದ ಬೀದಿಯ ನಾದಿನಿ ಕೇಳಿಸಿಕೊಂಡಿದ್ದಳು. "ಇವಳ ಬಾಯಿಗೇ ನಮ್ಮಣ್ಣನ ಎದೆ ಒಡೀತು" ಎಂದು ತಿಥಿಯ ದಿನ ಎಲ್ಲರೆದುರಿಗೆ ಅತ್ತುಬಿಟ್ಟಳು. ಕಾಯಿಲೆಯ ಭಯಕ್ಕೆ ತಿಥಿಗೆ ಬಂದದ್ದೇ ನಾಲ್ಕು ಜನ. ಆ ನಾಲ್ಕು ಜನ ಆ ಮಾತನ್ನು ನಾಲ್ಕು ಊರಿಗೆ ಹೊತ್ತುಕೊಂಡು ಹೋದರು.

ಅಲ್ಲಿಂದಾಚೆಗೆ ಪುಟ್ಟಗೌರಮ್ಮ ಹಾಲಿನ ಡೈರಿಗೆ ಹೋದರೂ ತಲೆ ತಗ್ಗಿಸಿಕೊಂಡು ಹೋಗಿ ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ಗಂಡ ಹೋದ ಸಂಕಟ ಒಂದು ಕಡೆ, ಗಂಡನನ್ನು ಕೊಂದವಳು ಅನ್ನಿಸಿಕೊಂಡ ಸಂಕಟ ಇನ್ನೊಂದು ಕಡೆ. ಯಾರಾದರೂ ಓದಿದವರು, ಯಾವುದಾದರೂ ಕಚೇರಿಯಲ್ಲಿ ಕೂತು, ಇದು ಕಾಯಿಲೆಯಿಂದಾದ ಸಾವು ಎಂದು ಒಂದು ಗೆರೆ ಎಳೆದರೆ ಅವಳಿಗೆ ಸಾಕಿತ್ತು.

ಇದು ಸಾಲದೆಂದು ಶ್ರೀರಂಗಯ್ಯ ಪ್ರಾಣ ಬಿಟ್ಟಾಗ ಪಂಚಕ ನಡೆಯುತ್ತಿತ್ತು. ಪಂಚಕ ಎಂದರೆ ಒಂದರ ಹಿಂದೆ ಒಂದು ಬರುವ ಐದು ಕೆಟ್ಟ ನಕ್ಷತ್ರಗಳು. ಆ ಹೊತ್ತಿನಲ್ಲಿ ಸಾವಾದರೆ ಮನೆಯವರು ಆರು ತಿಂಗಳು ಮನೆ ಬಿಡಬೇಕು. ಬೇರೆ ಕೆಲವು ನಕ್ಷತ್ರಗಳಿಗೆ ಮೂರು ತಿಂಗಳು. ದೀಪ ಆರಿಸಿ, ಬೀಗ ಹಾಕಿ, ಬಾಗಿಲಿಗೆ ಜಾಲಿ ಮುಳ್ಳಿನ ಕೊಂಬೆ ಅಡ್ಡ ಇಟ್ಟು ಹೊರಟುಬಿಡಬೇಕು. ಅವಧಿ ಮುಗಿದು ಶಾಂತಿ ಮಾಡಿಸಿದ ಮೇಲೇ ತಿರುಗಿ ಒಳಗೆ ಕಾಲಿಡುವುದು. ಹಾಗಾಗಿ ತಾಯಿ ಮಗಳು ತಮ್ಮೂರು ಹೊನ್ನೇಕಟ್ಟೆಯ ಮನೆ ಬಿಟ್ಟು ತೋಟದ ಕೊಬ್ಬರಿ ಶೆಡ್ಡಿಗೆ ಬಂದಿದ್ದರು. ಮೇಲೆ ಅಟ್ಟದಲ್ಲಿ ಒಣಗುವ ಕಾಯಿ, ಕೆಳಗೆ ಇವರಿಬ್ಬರು.

ಸಮೀಕ್ಷೆಯ ಕ್ರಮ ಹೀಗಿತ್ತು. ಇರುವ ಮನೆಗಳಿಗೆಲ್ಲ ಹೋಗಲು ಆಗುವುದಿಲ್ಲವಲ್ಲ. ಊರಿಗೆ ಹೋಗಿ ನಿಂತರೆ ಮೊಬೈಲು ಒಂದು ಮನೆಯನ್ನು ತೋರಿಸುತ್ತದೆ, ಅಲ್ಲಿಂದ ಶುರು. ಆಮೇಲೆ ಅದೇ ಹೇಳಿದ ಹಾಗೆ ಇಷ್ಟು ಮನೆ ಬಿಟ್ಟು ಒಂದು, ಇಷ್ಟು ಮನೆ ಬಿಟ್ಟು ಒಂದು. ಕೇಳುವವರಿಗೆ ಬೇಕಾದ ಮನೆ, ಬೇಡದ ಮನೆ ಎಂದಿಲ್ಲ. ತಮ್ಮ ಸ್ವಂತ ಹಳ್ಳಿಗೆ, ಟೌನಿನವರಾದರೆ ತಮ್ಮ ಬೀದಿಗೆ, ಯಾರೂ ಹೋಗುವ ಹಾಗಿಲ್ಲ. ಮನೆಗೆ ಬೀಗ ಹಾಕಿದ್ದರೆ 'ಬೀಗ' ಎಂದು ಒತ್ತಿ ಪಕ್ಕದ ಮನೆಗೆ ಹೋಗುವುದು. ಕೇಳಿದರೆ ಎಷ್ಟು ಸಲೀಸು.

ಒಂದು ಶನಿವಾರ ತಿಪಟೂರಿನ ಲಾಡ್ಜಿನ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅರುಣ್ ಕುಮಾರ್ ಅಲ್ಲಿಯವರೆಗಿನ ಲೆಕ್ಕ ತೋರಿಸಿದರು. ಅವರು ಸಮೀಕ್ಷೆಯ ಮುಖ್ಯಸ್ಥರು, ಡಾಕ್ಟರು. ನಿಧಾನಸ್ಥ ಮನುಷ್ಯ, ಮಾತಿಗೆ ಮುಂಚೆ ಕನ್ನಡಕ ಒರೆಸುವವರು. ಅವತ್ತು ಎರಡು ಸಲ ಒರೆಸಿದರು.

"ಸಾವು ಕಡಿಮೆ ಇದೆ," ಎಂದರು. "ಹಳ್ಳಿಗಳಲ್ಲಿ ಕೊರೊನಾ ಬರದ ವರ್ಷಕ್ಕಿಂತ ಏನೇನೂ ಹೆಚ್ಚಿಲ್ಲ. ತಿಪಟೂರು ಟೌನಿನ ಮುಸ್ಲಿಂ ಬೀದಿಗಳಲ್ಲಿ ಮಾತ್ರ ಸುಮಾರು ದುಪ್ಪಟ್ಟು. ನನಗೆ ಅರ್ಥ ಆಗ್ತಿಲ್ಲ."

ಸೌಮ್ಯಳಿಗೆ ಮೈ ಉರಿಯಿತು. ಮೇ ತಿಂಗಳಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಗುಂಡಿ ತೆಗೆಯುವವರು ಸಿಗದೆ ಜೆಸಿಬಿ ತರಿಸಿದ್ದನ್ನು ಕಣ್ಣಾರೆ ಕಂಡವಳು ಅವಳು. ಈಗ ನೋಡಿದರೆ ಯಾರೂ ಸತ್ತೇ ಇಲ್ಲವಂತೆ.

ಹೊರಗೆ ಬಂದಮೇಲೆ ಅಫ್ತಾಬ್ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ. ಅವನು ಡಿಗ್ರಿಯಲ್ಲಿ ಅವಳ ಸಹಪಾಠಿ, ಟೌನಿನ ಟೈಲರೊಬ್ಬರ ಮಗ. ಸದಾ ತಮಾಷೆಯ ಮನುಷ್ಯ, ಅವತ್ತು ಮುಖ ಗಂಟಿಕ್ಕಿಕೊಂಡಿದ್ದ.

"ಹೋದ್ಸಲ ನಮ್ಮಿಂದ್ಲೇ ಕಾಯಿಲೆ ಬಂತು ಅಂದ್ರು," ಎಂದ. "ಈ ಸಲ ನೋಡು, ಇವ್ರ ಬೀದೀಲೇ ಜಾಸ್ತಿ ಅಂತಾರೆ. ಪೇಪರ್ನಾಗೆ ಹಾಕ್ತಾರೆ. ನಾನೇ ಮನೆಮನೆಗೆ ಹೋಗಿ ಕೇಳ್ಕಂಡು ಬಂದಿರೋ ಲೆಕ್ಕ ಕಣೇ. ನನ್ ಕೈಯಾರೆ ನಮ್ಮೋರಿಗೆ ಕೆಟ್ಟ ಹೆಸರು ತಂದಂಗಾಯ್ತು."

"ಲೆಕ್ಕ ಎಲ್ಲೋ ತಪ್ಪೈತೆ ಕಣೋ."

"ಎಲ್ಲಿ ಅಂತ ಹೇಳು, ನಿನ್ ಕಾಲಿಗೆ ಬೀಳ್ತೀನಿ."

ಎಲ್ಲಿ ಎಂಬುದು ಮರುವಾರ ಅಮ್ಮಸಂದ್ರದ ಕಡೆಯ ಒಂದು ಹಳ್ಳಿಯಲ್ಲಿ ಸಿಕ್ಕಿತು. ಮೊಬೈಲು ತೋರಿಸಿದ ಮನೆಗೆ ಬೀಗ ಬಿದ್ದಿತ್ತು, ಬಾಗಿಲಿಗೆ ಮುಳ್ಳು. ಸೌಮ್ಯ ಎಂದಿನಂತೆ ಮುಖ ಅತ್ತ ತಿರುಗಿಸಿ, 'ಬೀಗ' ಎಂದು ಒತ್ತಿ ಪಕ್ಕದ ಮನೆಗೆ ಹೋದಳು. ಜಗುಲಿಯ ಮೇಲೆ ಪುಟ್ಟಗಂಗಮ್ಮ ಎಂಬ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿತ್ತು. ಮಾತಿಗೆ ಜನ ಸಿಗದೆ ಒಣಗಿದ್ದ ಅಜ್ಜಿ.

"ನಮ್ಮನೇಲಿ ಯಾರ್ಗೂ ಏನೂ ಆಗಿಲ್ಲ ಕಣವ್ವ," ಎಂದಿತು. "ಸಂಕ್ರಾಂತಿಗೂ ಐದು ಜನ, ಈಗ್ಲೂ ಐದು ಜನ. ಆ ಮನೇದು ಹೇಳ್ಲಾ?"

"ಬೇಡಜ್ಜಿ, ನಿಮ್ಮನೇದು ಮಾತ್ರ."

"ನಮ್ಮನೇದು ಏನೈತೆ ಬರಕಳಾಕೆ? ಆ ಮನೇಲಿ ತಾಯಿ ಮಗ ಇಬ್ರೂ ಒಂದೇ ವಾರ್ದಾಗೆ ಹೋದ್ರು."

"ಅವ್ರನ್ನೇ ಕೇಳ್ಬೇಕಜ್ಜಿ. ಬೀಗ ಹಾಕೈತಲ್ಲ."

ಅಜ್ಜಿ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹಾಕಿಕೊಂಡು ಇವಳನ್ನು ನೋಡಿತು. "ಸತ್ತಿದ್ಕೇ ಅಲ್ವೇನವ್ವ ಬೀಗ ಹಾಕಿರಾದು? ಸಾಯ್ದೆ ಇದ್ದಿದ್ರೆ ಮನೇಲೇ ಇರೋರು. ನೀನು ಹೋಗಿ ಕೇಳಿದ್ರೆ, ನಮ್ಮನೇಲಿ ಯಾರೂ ಸತ್ತಿಲ್ಲ ಅಂತ ಹೇಳೋರು."

ಸೌಮ್ಯ ಆ ಜಗುಲಿಯ ಮೇಲೇ ಕೂತುಬಿಟ್ಟಳು. ಗಣಿತದ ಮೇಡಂ. ಅಂಥದ್ದೇ ಬಾಗಿಲಿನ ಕಾರಣಕ್ಕೆ ಮೂರು ತಿಂಗಳಿಂದ ಕೊಬ್ಬರಿ ಅಟ್ಟದ ಕೆಳಗೆ ಮಲಗುತ್ತಿರುವವಳು. ಎಷ್ಟು ಮುಳ್ಳಿನ ಬಾಗಿಲು ದಾಟಿ ಬಂದಳೋ, ಒಂದಾದರೂ ದಿನ ಇದು ಹೊಳೆಯಲಿಲ್ಲವಲ್ಲ. ಸಾವು ಆದ ಮನೆಯನ್ನು ಬಿಟ್ಟು ಸಾವು ಆಗದ ಮನೆಗೇ ಹುಡುಕಿಕೊಂಡು ಹೋಗಿ, ನಿಮ್ಮಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳುತ್ತ ಬಂದಿದ್ದರು ಎಲ್ಲರೂ. ಬೇರೆ ಸೀಮೆಯವನೊಬ್ಬ ಬಂದಿದ್ದರೆ, ಇದೇನಪ್ಪ ಬಾಗಿಲಿಗೆ ಮುಳ್ಳು ಎಂದು ನಿಂತು ಕೇಳುತ್ತಿದ್ದ. ಕೇಳಿದವನಿಗೆ ತಿಳಿಯುತ್ತಿತ್ತು. ಇವರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಹುಟ್ಟಿದಾಗಿನಿಂದ ಅಂಥ ಬಾಗಿಲ ಮುಂದೆ ನಿಲ್ಲಬೇಡ, ಆ ಕಡೆ ನೋಡಬೇಡ ಎಂದು ಹೇಳಿಸಿಕೊಂಡು ಬೆಳೆದವರು. ಎಲ್ಲ ಗೊತ್ತಿದ್ದದ್ದಕ್ಕೇ ಏನೂ ಕಾಣಲಿಲ್ಲ.

ಟೌನಿನ ಮುಸ್ಲಿಂ ಬೀದಿಗಳ ಲೆಕ್ಕವೂ ಆಗಲೇ ತಿಳಿಯಿತು. ಅವರಲ್ಲಿ ನಕ್ಷತ್ರ ನೋಡಿ ಮನೆ ಬಿಡುವುದಿಲ್ಲ. ಸಾವಾದ ಮನೆಯಲ್ಲೇ ಜನ ಇದ್ದರು, ಬಾಗಿಲು ತೆಗೆದರು, ಇದ್ದದ್ದು ಇದ್ದ ಹಾಗೆ ಹೇಳಿದರು. ಅಲ್ಲಿ ಹೆಚ್ಚು ಜನ ಸತ್ತದ್ದಲ್ಲ, ಅಲ್ಲಿ ಮಾತ್ರ ಎಣಿಕೆ ಸರಿಯಾಗಿದ್ದದ್ದು.

ಅವತ್ತೇ ಸಂಜೆ ಲಾಡ್ಜಿಗೆ ಹೋಗಿ ಅರುಣ್ ಕುಮಾರ್ ಅವರಿಗೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು.

"ಬೀಗ ಹಾಕೋಕೆ ಬೇರೆ ಕಾರಣಗಳೂ ಇರ್ತವೆ," ಎಂದರು. "ಮಗಳ ಬಾಣಂತನಕ್ಕೆ ಹೋಗಿರ್ತಾರೆ, ಕೂಲಿಗೆ ಹೋಗಿರ್ತಾರೆ."

"ಮುಳ್ಳು ಇದ್ದರೆ ಸಾವೇ, ಸರ್."

"ಇರಬಹುದು." ಅವಳ ಕಡೆಗೆ ತಿರುಗಿ ಕೂತರು. "ತಪ್ಪು ತಿಳೀಬೇಡಿ ಸೌಮ್ಯ. ನಿಮ್ಮ ತಂದೆ ಹೋಗಿದ್ದಾರೆ. ನಿಮ್ಮ ಮನೆಗೂ ಮುಳ್ಳು ಹಾಕಿದೆ ಅಂತ ನೀವೇ ಹೇಳಿದಿರಿ. ಲೆಕ್ಕ ಹೆಚ್ಚು ಬರಲಿ ಅಂತ ನಿಮಗೆ ಆಸೆ ಇರುತ್ತೆ. ನಾಳೆ ಯಾರಾದರೂ ನನ್ನನ್ನು ಇದನ್ನೇ ಕೇಳ್ತಾರೆ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಸುಳ್ಳಾಗಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಆಸೆ ಇದ್ದದ್ದು ನಿಜ. ಹೊನ್ನೇಕಟ್ಟೆಗೆ ಅಫ್ತಾಬ್ ಹೋಗಿದ್ದ ದಿನ ಅವನು ಇವರ ಮನೆಯ ಮುಂದೆ ಹಾಯ್ದು ಪಕ್ಕದ ಮಾರಯ್ಯನ ಮನೆಗೆ ಹೋದದ್ದನ್ನು ಅಮ್ಮ ಹಾಲು ಹಾಕಲು ಹೋದಾಗ ಕಂಡಿದ್ದಳು. "ಬೀಗ ನೋಡ್ಕಂಡು ನಮ್ಮನೆ ಬುಟ್ಬುಟ್ಟ ಕಣೇ ಆ ಹುಡ್ಗ" ಎಂದು ಬಂದು ಗೋಳಾಡಿದ್ದಳು. ಬೀಗದ ಮನೆಗಳನ್ನು ಲೆಕ್ಕಕ್ಕೆ ಹಿಡಿದರೆ ಅಪ್ಪನೂ ಬರುತ್ತಾರೆ ಎಂದು ಅಮ್ಮಸಂದ್ರದಿಂದ ತಿಪಟೂರಿನವರೆಗೆ ಬಸ್ಸಿನಲ್ಲಿ ಕೂತು ಅವಳು ಅಂದುಕೊಂಡೇ ಬಂದಿದ್ದಳು.

"ಆಸೆ ಇದೆ, ಸರ್," ಎಂದಳು. "ಆದರೆ ಮುಳ್ಳು ನಾನು ಹಾಕಿದ್ದಲ್ಲ."

ಅರುಣ್ ಕುಮಾರ್ ಕನ್ನಡಕ ಹಾಕಿಕೊಂಡರು. "ಹಾಗಾದರೆ ಹೀಗೆ ಮಾಡೋಣ. ಇಲ್ಲಿತನಕ 'ಬೀಗ' ಅಂತ ಒತ್ತಿರೋ ಪ್ರತಿಯೊಂದು ಮನೆ, ಮುಳ್ಳು ಇರಲಿ, ಇಲ್ಲದೆ ಇರಲಿ, ಆ ಮನೆಯವರು ಎಲ್ಲೇ ಇದ್ದರೂ ಹುಡುಕಿ ಕೇಳಬೇಕು. ನಿಮಗೆ ಬೇಕಾದ ಬೀಗ ಮಾತ್ರ ಅಲ್ಲ, ಎಲ್ಲಾ ಬೀಗ." ಆ ರಾತ್ರಿಯೇ ಬೆಂಗಳೂರಿಗೆ ಫೋನು ಮಾಡಿ ಒಪ್ಪಿಸಿದರು ಎಂದು ಆಮೇಲೆ ಗೊತ್ತಾಯಿತು.

ಹುಡುಕುವುದು ಅಂದರೆ ಹುಡುಗಾಟವಲ್ಲ. ಮನೆ ಬಿಟ್ಟವರು ಒಂದು ಕಡೆ ಇರುತ್ತಾರೆಯೇ? ಯಾರೋ ತೋಟದ ಪಂಪ್‌ಹೌಸಿನಲ್ಲಿ, ಯಾರೋ ಹೆಂಡತಿಯ ತೌರಿನಲ್ಲಿ, ಯಾರೋ ದನದ ಕೊಟ್ಟಿಗೆಯ ಅರ್ಧಕ್ಕೆ ತಡಿಕೆ ಕಟ್ಟಿಕೊಂಡು. ಸೌಮ್ಯ, ಅಫ್ತಾಬ್ ಬೈಕಿನಲ್ಲಿ ತೆಂಗಿನ ಸಾಲುಗಳ ಮಧ್ಯೆ ಕಾಲುದಾರಿ ಹಿಡಿದು ಹೋಗುತ್ತಿದ್ದರು. ಆಷಾಢದ ಗಾಳಿಗೆ ಗರಿ ಬೀಳುತ್ತಿತ್ತು, ಒಂದು ಸಲ ಅಫ್ತಾಬನ ಹೆಲ್ಮೆಟ್ಟಿನ ಮೇಲೇ ಬಿತ್ತು. "ನನ್ನನ್ನೂ ಲೆಕ್ಕಕ್ಕೆ ಸೇರಿಸ್ತಿದ್ದೆ ನೋಡು ಈಗ" ಎಂದ. ಇಬ್ಬರೂ ನಕ್ಕರು, ಆಮೇಲೆ ನಕ್ಕದ್ದಕ್ಕೆ ಮುಜುಗರಪಟ್ಟುಕೊಂಡರು.

ಅರುಣ್ ಕುಮಾರ್ ಹೇಳಿದ್ದೂ ಸುಳ್ಳಾಗಲಿಲ್ಲ. ಕೆಲವು ಬೀಗಗಳ ಹಿಂದೆ ಸಾವಿರಲಿಲ್ಲ. ಒಂದು ಮನೆಯವರು ಅಣ್ಣತಮ್ಮಂದಿರ ಜಗಳಕ್ಕೆ ಬೀಗ ಹಾಕಿದ್ದರು, ಇನ್ನೊಂದು ಮನೆಯ ಗಂಡ ಹೆಂಡತಿ ಹಾಸನದ ಕಡೆ ಶುಂಠಿ ಕೆಲಸಕ್ಕೆ ಹೋಗಿದ್ದರು. ಮುಳ್ಳು ಇದ್ದ ಕಡೆ ಮಾತ್ರ ಸಾವು ತಪ್ಪಲಿಲ್ಲ. ಸಾವು ಸಿಕ್ಕಿದ ಕೂಡಲೇ ಸೌಮ್ಯಳ ಎದೆಯಲ್ಲಿ ಒಂದು ಖುಷಿ ಚಿಮ್ಮುತ್ತಿತ್ತು, ಸಿಕ್ಕಿತು ಎಂದು. ಎದುರಿಗೆ ಸೆರಗು ಬಾಯಿಗೆ ಹಿಡಿದು ಅಳುತ್ತ ಕೂತ ಹೆಂಗಸು, ಇವಳ ಒಳಗೆ ಖುಷಿ. ಥೂ, ಎಂಥ ಜನ್ಮ ನನ್ನದು ಎಂದು ಆಮೇಲೆ ತನ್ನನ್ನು ತಾನೇ ಬೈದುಕೊಳ್ಳುವಳು. ಆದರೂ ಮುಂದಿನ ಮನೆಯಲ್ಲಿ ಮತ್ತೆ ಅದೇ.

ಬೀಗದ ಮನೆಗಳು ಸೇರಿದಮೇಲೆ ಲೆಕ್ಕ ಬೇರೆಯೇ ಆಯಿತು. ಹಳ್ಳಿಗಳ ಸಾವು ಮೇಲೆದ್ದು ಟೌನಿನ ಬೀದಿಗಳ ಸಮಕ್ಕೆ ಬಂದು ನಿಂತಿತು, ಕೆಲವು ಕಡೆ ಅದನ್ನೂ ದಾಟಿತು. ಅಫ್ತಾಬ್ ಲಾಡ್ಜಿನ ಹಾಲಿನಲ್ಲಿ ಎಲ್ಲರೆದುರಿಗೆ ಸೌಮ್ಯಳ ಕಾಲು ಮುಟ್ಟಲು ಬಗ್ಗಿದ. ಅವಳು ಚಪ್ಪಲಿ ಕಾಲನ್ನು ಹಿಂದಕ್ಕೆಳೆದುಕೊಂಡು ಅವನ ತಲೆಗೊಂದು ಕೊಟ್ಟಳು.

ಕೊನೆಗೆ ಉಳಿದದ್ದು ಹೊನ್ನೇಕಟ್ಟೆ. ಅದು ಅಫ್ತಾಬನ ಪಾಲಿನ ಊರು. "ನಾಳೆ ನಮ್ಮ ತೋಟಕ್ಕೇ ಬಾ, ಅಮ್ಮ ಅಲ್ಲೇ ಇರ್ತಾಳೆ," ಎಂದಳು ಸೌಮ್ಯ. ಅವನು ಸುಮ್ಮನೆ ಮೊಬೈಲು ತೆಗೆದು ತೋರಿಸಿದ.

"ನಿಮ್ಮನೆ ಬಂದಿಲ್ಲ ಕಣೇ."

"ಬಂದಿಲ್ಲ ಅಂದ್ರೆ? ಬೀಗ ಅಂತ ಬಿಟ್ಟು ಮಾರಯ್ಯನ ಮನೆಗೆ ಹೋದೆಯಲ್ಲ."

"ಬಿಡ್ಲಿಲ್ಲ. ಮೊಬೈಲು ತೋರ್ಸಿದ್ದೇ ಮಾರಯ್ಯನ ಮನೆ. ನಿಮ್ಮೂರಲ್ಲಿ ನಾನು ಬೀಗ ಅಂತ ಒತ್ತಿದ್ದು ಕೆರೆ ಹಿಂದಿನ ಇನ್ನೊಂದು ಮನೆ." ಅವನಿಗೆ ಮೊದಲೇ ಗೊತ್ತಿತ್ತು, ಹೇಳಲು ಬಾಯಿ ಬಂದಿರಲಿಲ್ಲ ಅಷ್ಟೇ.

ತೋರಿಸಿದ ಮನೆ ಮಾರಯ್ಯನದು, ಅದರ ಪಕ್ಕದ್ದು ಇವರದು. ಒಂದು ಗೋಡೆಯ ಅಂತರ. ಇಷ್ಟೂರು ಸುತ್ತಿ, ಇಷ್ಟು ಜನರ ಗಂಡಂದಿರನ್ನು, ಅಮ್ಮಂದಿರನ್ನು ಹುಡುಕಿ ಲೆಕ್ಕಕ್ಕೆ ತಂದಮೇಲೆ ಅಪ್ಪ ಮಾತ್ರ ಗೋಡೆಯ ಆಚೆ ಉಳಿದುಬಿಟ್ಟರು.

ಅಫ್ತಾಬ್ ದನಿ ತಗ್ಗಿಸಿದ. "ನೋಡು, ಮೊದ್ಲು ನಿಮ್ಮನೇನೇ ತೋರಿಸ್ತು, ಬೀಗ ಇತ್ತು, ಅದಕ್ಕೇ ಪಕ್ಕದ ಮನೆಗೆ ಹೋದೆ, ಒತ್ತೋಕೆ ಮರ್ತಿದ್ದೆ ಅಂತ ಹೇಳ್ತೀನಿ. ಸರ್ ನನ್ನ ಮಾತು ನಂಬ್ತಾರೆ. ಒಂದೇ ಒಂದು ಮನೆ ಕಣೇ. ಅಮ್ಮನ ಮುಖ ನೋಡು. ಸುಳ್ಳೇನಲ್ವಲ್ಲ, ನಿಮ್ಮಪ್ಪ ಹೋಗಿರೋದು ನಿಜ ತಾನೆ?"

ಹೂಂ ಎನ್ನುವುದು ಅವಳ ಬಾಯಿಯ ತನಕ ಬಂದು ಕೂತಿತ್ತು. ನಿಜ ತಾನೆ? ಅಪ್ಪ ಹೋದದ್ದು ನಿಜ, ಬೀಗ ನಿಜ, ಮುಳ್ಳು ನಿಜ. ಯಾರಿಗೆ ಏನು ನಷ್ಟ? ಆದರೆ ಅರುಣ್ ಕುಮಾರ್ ಮೇಜಿನ ಮೇಲೆ ಕನ್ನಡಕ ಇಟ್ಟು ಹೇಳಿದ್ದು ಕಿವಿಯಲ್ಲೇ ಇತ್ತು. ಇವಳು ಒಂದು ಮನೆಯನ್ನು ತನಗೆ ಬೇಕು ಎಂದು ಎಳೆದು ಹಾಕಿದ ಗಳಿಗೆಗೆ, ಬಾಕಿ ಮುಳ್ಳಿನ ಮನೆಗಳೂ ಇವರು ಬೇಕೆಂದು ಎಳೆದು ಹಾಕಿದವೇ ಆಗಿಬಿಡುತ್ತವೆ. ಅಜ್ಜಿ ಹೇಳಿದ ಆ ತಾಯಿ ಮಗ, ತಡಿಕೆಯ ಹಿಂದೆ ಕೂತು ಅತ್ತವರು, ಅಫ್ತಾಬನವರ ಬೀದಿಗಳು, ಯಾವುದನ್ನೂ ಎದೆ ತಟ್ಟಿ ಹೇಳುವ ಹಾಗಿರುವುದಿಲ್ಲ.

"ಬೇಡ ಕಣೋ," ಎಂದಳು.

"ಅಮ್ಮಂಗೇನು ಹೇಳ್ತೀಯ?"

"ಗೊತ್ತಿಲ್ಲ."

ತೋಟಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಪುಟ್ಟಗೌರಮ್ಮ ಶೆಡ್ಡಿನ ಮುಂದೆ ಕೂತು ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಮಗಳ ಮುಖ ನೋಡಿ ಕುಡುಗೋಲು ಕೆಳಗಿಟ್ಟಳು.

"ಸೇರ್ಸಿದ್ರಾ?"

ಸೌಮ್ಯ ಇದ್ದದ್ದು ಇದ್ದ ಹಾಗೆ ಹೇಳಿದಳು. ಮನೆ ಬರಲಿಲ್ಲ, ಮಾರಯ್ಯನ ಮನೆಗೇ ನಿಂತಿತು ಎಂದಳು. ಆಮೇಲೆ, ಹೋದ ಮನೆಗಳಲ್ಲಿ ಇಷ್ಟು ಎಂದು ಗೊತ್ತಾದರೆ ಹೋಗದ ಮನೆಗಳಲ್ಲಿ ಎಷ್ಟು ಎಂದೂ ಲೆಕ್ಕ ಕಟ್ಟುತ್ತಾರೆ, ಆ ಲೆಕ್ಕದಲ್ಲಿ ಅಪ್ಪನೂ ಇರುತ್ತಾರೆ ಎಂದು ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದಳು.

"ಅಂದ್ರೆ ಯಾರ್ನೋ ಬರಕಂಡು, ಇವ್ರೂ ಅಂಗೇ ಅಂತೀರಾ."

"ಹೂಂ ಕಣಮ್ಮ."

"ಅವ್ರಿಗೂ ಇವ್ರಿಗೂ ಏನು ಸಂಬಂಧ?" ಪುಟ್ಟಗೌರಮ್ಮನ ದನಿ ಏರಿತು. "ಕಂಡೋರ ಗಂಡಂದಿರ್ನೆಲ್ಲ ತೋಟ ತುಡಿಕೆ ನುಗ್ಗಿ ಹುಡುಕ್ಕಂಡು ಬಂದೆ. ಹೆತ್ತ ಅಪ್ಪನ್ನ ಬುಟ್ಟೆ. ನಾಳೆ ನಿಮ್ಮತ್ತೆ ಮುಂದೆ ನಾನು ಯಾವ ಮುಖ ಇಟ್ಕಂಡು ಓಡಾಡ್ಲಿ?"

ಪುಟ್ಟಗೌರಮ್ಮ ಕುಡುಗೋಲು ತೆಗೆದುಕೊಂಡು ನಾಲ್ಕು ಕಡ್ಡಿ ಸೀಳಿದಳು, ಮತ್ತೆ ಕೆಳಗಿಟ್ಟಳು.

"ಬರಕಳಾದು ಬ್ಯಾಡ," ಎಂದಳು. ದನಿ ಇಳಿದಿತ್ತು. "ಕೇಳಾದ್ರೂ ಕೇಳು. ಊರೋರ್ನೆಲ್ಲ ಕೇಳ್ದೆ. ಏನಾಯ್ತಮ್ಮ ಅಂತ ನನ್ನ ಒಂದ್ಸಲ ಕೇಳಿದ್ದೀಯಾ?"

ಇಲ್ಲ, ಕೇಳಿರಲಿಲ್ಲ. ಆಗ ಸೌಮ್ಯಳಿಗೂ ಜ್ವರ, ತಿಪಟೂರಿನ ರೂಮಿನಲ್ಲಿ ಒಬ್ಬಳೇ ಬಿದ್ದಿದ್ದಳು. ಅವಳು ಬರುವಷ್ಟರಲ್ಲಿ ಅಪ್ಪನದು ಮಣ್ಣಾಗಿತ್ತು, ಬಾಗಿಲಿಗೆ ಮುಳ್ಳು ಬಿದ್ದಿತ್ತು. ಅಮ್ಮನನ್ನು ನೋಯಿಸಬಾರದು ಎಂದು ಕೇಳಲಿಲ್ಲ ಎಂದುಕೊಂಡಿದ್ದಳು. ಅದು ಅರ್ಧ ಮಾತ್ರ ನಿಜ. ಕೇಳಿದರೆ, ಅತ್ತೆ ಅಂದದ್ದೇ ಸರಿಯಾಗಿಬಿಟ್ಟರೆ ಎಂಬ ಭಯವೂ ಇತ್ತು. ಮೂರು ತಿಂಗಳು ಆ ಭಯವನ್ನು ಮಡಿಲಲ್ಲಿ ಕಟ್ಟಿಕೊಂಡೇ ಅಮ್ಮನ ಪಕ್ಕದಲ್ಲಿ ಮಲಗಿದ್ದಳು.

ಸೌಮ್ಯ ಮೊಬೈಲನ್ನು ಚೀಲದೊಳಗೆ ಹಾಕಿ, ಅಮ್ಮನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಸಮೀಕ್ಷೆಯ ಪ್ರಶ್ನೆಗಳು ಬಾಯಿಗೇ ಬರುತ್ತಿದ್ದವು.

"ತೀರಿಕೊಂಡವರು ನಿಮಗೆ ಏನಾಗಬೇಕು?"

ಪುಟ್ಟಗೌರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಯಜಮಾನ್ರು."

"ಜ್ವರ ಇತ್ತೆ?"

"ಇತ್ತು. ಕೊಬ್ಬರಿ ಸುಲಿಸ್ತಿದ್ದೋರು ಚಳಿ ಅಂತ ಒಳೀಕೆ ಬಂದ್ರು. ಅವತ್ತಿಂದ ಬುಡ್ಲಿಲ್ಲ."

"ಕೆಮ್ಮು?"

"ಒಣ ಕೆಮ್ಮು. ರಾತ್ರಿಯೆಲ್ಲ."

"ವಾಸನೆ, ರುಚಿ ಗೊತ್ತಾಗ್ತಿತ್ತೆ?"

ಪುಟ್ಟಗೌರಮ್ಮ ಉತ್ತರ ಹೇಳಲು ಬಾಯಿ ತೆರೆದವಳು ಹಾಗೇ ತಡೆದಳು. "ಸಾರಿಗೆ ಉಪ್ಪೇ ಇಲ್ಲ ಅಂತ ತಟ್ಟೆ ತಳ್ಳಿದ್ರು," ಎಂದಳು ನಿಧಾನವಾಗಿ. "ಉಪ್ಪು ಹಾಕಿದ್ದೆ ಕಣೇ. ಇನ್ನೊಂದ್ಸಲ ಹಾಕ್ದೆ. ಇಲ್ಲವೇ ಇಲ್ಲ ಅಂದ್ರು. ಮದುವೆ ಆದಾಗಿಂದ್ಲೂ ನನ್ನ ಅಡಿಗೇಗೆ ಹೆಸರಿಟ್ಟೋರು ಅವ್ರು, ಸಾಯೋ ಕಾಲಕ್ಕೂ ಅದೇನಾ ಅಂತ ನಂಗೂ ಸಿಟ್ಟು ಬಂತು. ಕೂಗಾಡ್ದೆ. ಅದೇ ಜಗಳ ನಿಮ್ಮತ್ತೆ ಕೇಳಿಸ್ಕಂಡಿದ್ದು."

ಸೌಮ್ಯ ಅಮ್ಮನ ಹತ್ತಿರಕ್ಕೆ ಸರಿದಳು. "ಅದು ಕಾಯಿಲೇದೇ ಗುರುತು ಕಣಮ್ಮ," ಎಂದಳು. "ಈ ಕಾಯಿಲೆ ಬಂದರೆ ಮೊದಲು ಹೋಗೋದೇ ನಾಲಿಗೆ ರುಚಿ. ನಂಗೂ ಹೋಗಿತ್ತು. ನೀನು ಉಪ್ಪು ಹಾಕಿದ್ದೂ ನಿಜ, ಅಪ್ಪಂಗೆ ಉಪ್ಪು ಹತ್ತದೆ ಇದ್ದದ್ದೂ ನಿಜ."

ಪುಟ್ಟಗೌರಮ್ಮ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಅಳಲಿಲ್ಲ. "ಹಂಗಾರೆ ಅವ್ರು ಬೇಕಂತ ಅಂದಿದ್ದಲ್ಲ," ಎಂದಳು. ನಾದಿನಿಯ ಹೆಸರನ್ನೂ ಎತ್ತಲಿಲ್ಲ. ಸೀಳಿದ ಕಡ್ಡಿಗಳನ್ನು ಒಂದು ಕಡೆ ಸರಿಸಿ, "ಮುಂದಕ್ಕೆ ಕೇಳು," ಎಂದಳು.

"ಉಸಿರಾಟಕ್ಕೆ ತೊಂದರೆ ಇತ್ತೆ? ಎಷ್ಟು ಹೊತ್ತು?"

"ಬೆಳಿಗ್ಗೆಯಿಂದ. ಕೂತ್ಕಂಡ್ರೂ ಆಗ್ದು, ಮಲಗಿದ್ರೂ ಆಗ್ದು. ಕ್ಯಾಲೆಂಡರ್ ನೋಡು ಅಂದ್ರು. ಯಾಕೆ ಅಂದೆ. ನೋಡೇ, ಪಂಚಕ ಯಾವಾಗ ಬುಡ್ತದೆ ನೋಡು ಅಂದ್ರು. ಸಾಯಂಕಾಲ ಬುಡ್ತದೆ ಅಂದೆ. ಈಗ ಹೋದ್ರೆ ನೀನು, ಮಗಳು ಮನೆ ಬುಡಬೇಕಾಯ್ತದೆ, ಸಾಯಂಕಾಲದ ಗಂಟ ತಡ್ಕತೀನಿ ಅಂದ್ರು. ಆಮೇಲೆ ಮಾತೇ ಆಡ್ಲಿಲ್ಲ, ಉಸ್ರು ದಂಡ ಆಯ್ತದೆ ಅಂತ. ಮಂಚದ ಪಟ್ಟಿ ಹಿಡ್ಕಂಡು ಗಡಿಯಾರನೇ ನೋಡ್ತಿದ್ರು." ಅವಳು ತೆಂಗಿನ ಸಾಲಿನ ಕಡೆಗೆ ನೋಡಿದಳು. "ಮೂರು ಗಂಟೆ ಗಂಟ ತಡ್ಕಂಡ್ರು ಕಣೇ. ಆಮೇಲೆ ಆಗ್ಲಿಲ್ಲ ಅವ್ರ ಕೈಲಿ."

ಸೌಮ್ಯಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

"ಇದನ್ನ ಬರಕಳಾಕೆ ಜಾಗ ಐತಾ ನಿಮ್ಮ ಅದ್ರಾಗೆ?" ಎಂದು ಪುಟ್ಟಗೌರಮ್ಮ ಕೇಳಿದಳು.

"ಇಲ್ಲ ಕಣಮ್ಮ."

"ಸರಿ ಬುಡು," ಎಂದಳು. "ಮುಂದಿಂದು ಕೇಳು."